ಎಡಗಿವಿಯ ಮಚ್ಚೆ

"ಪಾಪುಗೆ ಗುರುತಿನ ಮಚ್ಚೆ ಎಲ್ಲಿದೆ, ಅಜ್ಜಿ?" ಮಕ್ಕಳ ಗುರುತಿನ ಕಾರ್ಡ್ ಮಾಡಲು ಶಾಲೆಗೆ ಬಂದಿದ್ದ ನರ್ಸ್ ಕೇಳಿದಾಗ ಅಜ್ಜಿ ಮೊಮ್ಮಗಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಹೆಬ್ಬೆಟ್ಟಾಯಿತು, ಫೋಟೊ ಆಯಿತು, ಈಗ ಮಚ್ಚೆ ಬೇರೆ! ಬೆಳ್ಳಗಿರುವುದೆಲ್ಲ ಹಾಲೆಂದು ನಂಬುವ ಕಾಲವೇ ಇದು? "ಎಡಗಿವಿ ಹಿಂದೆ," ಎಂದಳು. ಬಾಯಿ ತೆರೆಯಲು ಹೊರಟ ಮೊಮ್ಮಗಳನ್ನು ಕಣ್ಣಲ್ಲೇ ಗದರಿದಳು.

ನರ್ಸ್ ಬರೆದು ಮುಗಿಸಿ ಕಾರ್ಡನ್ನು ಅಜ್ಜಿಯ ಕೈಗೇ ಕೊಟ್ಟಳು. "ಮನೇಲಿ ಜೋಪಾನವಾಗಿಡಿ. ಮಗು ಎಲ್ಲಾದ್ರೂ ಕಾಣೆಯಾದ್ರೆ ಪೊಲೀಸರು ಇದನ್ನ ನೋಡ್ಕೊಂಡೇ ಹುಡುಕೋದು."

"ಬಿಡ್ತು ಅನ್ನು! ಇದರ ಇನ್ನೊಂದು ಕಾಪಿ ನಿನ್ನ ಹತ್ರ ಇದೆ ತಾನೆ?"

"ಇಲ್ಲ ಅಜ್ಜಿ, ಇರೋದು ಇದೊಂದೇ."

ಅಜ್ಜಿ ಕಾರ್ಡನ್ನು ತಿರುವಿಮುರುವಿ ನೋಡಿದಳು. ಆಮೇಲೆ ಮೆಲ್ಲಗೆ ಮೊಮ್ಮಗಳ ಬಲಗಡೆಯ ಕೂದಲು ಸರಿಸಿದಳು.

"ತಿದ್ದಮ್ಮ, ಮಚ್ಚೆ ಇರೋದು ಬಲಗಿವಿ ಹಿಂದೆ. ಆಗ ಹೇಳಿದ್ದು ಕಳ್ಳರಿಗೆ."