ಮತ್ತೆ ಅದೇ ನಾತ

ಎರಡು ದಿನದ ಹಿಂದೆ ಕೇರಿಯ ನೀರು ತುಂಬಿಟ್ಟಿದ್ದ ಪರೀಕ್ಷೆಯ ಬಾಟಲಿ ಕಪ್ಪಾಗಿತ್ತು. ಕುಮಟೆಯಲ್ಲಿ ನೀರು ಪರೀಕ್ಷೆಯ ತರಬೇತಿ ಪಡೆದುಬಂದ ಸುಪ್ರಿಯಾ ಅದನ್ನು ನೀರು ಬಿಡುವ ಬೊಮ್ಮಯ್ಯನ ಮುಖದೆದುರು ಹಿಡಿದಳು. "ನೀರು ಕೆಟ್ಟೋಗಿದೆ ಬೊಮ್ಮಯ್ಯಣ್ಣ. ಎಂತ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕ್ಲೇ ಇಲ್ವಾ?"

ಬೊಮ್ಮಯ್ಯ ತಲೆ ತಗ್ಗಿಸಿದ. ಪೌಡರ್ ವಾಸನೆಗೆ ಚಾ ಕೂಡ ನಾರುತ್ತದೆ ಎಂದು ಗಣಪಕ್ಕ ದಿನಾ ನಲ್ಲಿಯ ಹತ್ತಿರ ನಿಂತು ಬೈಯುತ್ತಿದ್ದಳು. ಅದನ್ನು ತಾಳಲಾರದೆ ವಾರದಿಂದ ಪೌಡರ್ ಹಾಕುವುದನ್ನೇ ಬಿಟ್ಟಿದ್ದ. "ಈಗ ಆತು ನೋಡು, ಇದು ನೀರು!" ಎಂದು ಅವಳು ಹೊಗಳಿದಾಗ ಹಿಗ್ಗಿಯೂ ಇದ್ದ.

ಅಂದೇ ಮನೆಮನೆಗೆ ಹೋಗಿ ನೀರು ಕುದಿಸಿ ಕುಡಿಯಲು ಹೇಳಿದ. ಟ್ಯಾಂಕು ತೊಳೆದ, ಪೌಡರ್ ಅಳೆದು ಹಾಕಿದ. ಮರುದಿನ ಬೆಳಿಗ್ಗೆ ವಾಲ್ವ್ ತಿರುಗಿಸಿ, ಗಣಪಕ್ಕನ ನಲ್ಲಿಯ ಕಡೆಗೇ ಕಿವಿಯಿಟ್ಟು ನಿಂತ.

"ಬೊಮ್ಮಯ್ಯಾ! ಎಂತ ಮಾರಾಯ, ಮತ್ತೆ ಅದೇ ನಾತ!"

ಅವಳ ಬೈಗುಳವನ್ನು ಅವನು ಕೊನೆಯವರೆಗೂ ನಿಂತು, ನೆಮ್ಮದಿಯಿಂದ ಕೇಳಿದ.