ಹಸಿವಿನ ಪಾಠ

“ಮನುಷ್ಯನನ್ನು ಎಬ್ಬಿಸಿ ಓಡಿಸೋದು ಯಾವುದು?” ಮನಶ್ಶಾಸ್ತ್ರದ ಮೇಷ್ಟ್ರು ನಾಳೆಯ ಪಾಠ ಅಭ್ಯಾಸ ಮಾಡಿಕೊಳ್ಳುತ್ತ ಖಾಲಿ ಗೋಡೆಯನ್ನು ಕೇಳಿದರು. ಉತ್ತರವನ್ನೂ ತಾವೇ ಹೇಳಿದರು: “ಮೊದಲು ಹಸಿವು. ಅದು ತೀರಿದ ಮೇಲೇ ಮಾನ, ಮರ್ಯಾದೆ.”

ಅವರ ಹೊಟ್ಟೆಯೂ ಬೆಳಗಿನಿಂದ ಅದನ್ನೇ ಹೇಳುತ್ತಿತ್ತು. “ನಿನ್ನ ಕೈಲಿ ಒಂದು ಏಕಾದಶಿ ಆಗಲ್ಲ ಬಿಡೋ” ಎಂದು ಅಮ್ಮ ನಕ್ಕಿದ್ದಕ್ಕೆ, ಹನಿ ನೀರೂ ಮುಟ್ಟಲ್ಲ ಎಂದು ಪಂತ ಕಟ್ಟಿ ಕೂತಿದ್ದರು.

ಹೆಂಡತಿ ಸೆರಗಿನ ಮರೆಯಲ್ಲಿ ಅವಲಕ್ಕಿಯ ತಟ್ಟೆ ತಂದಳು. “ತಿಂದುಬಿಡಿ, ಅತ್ತೆ ಮಲಗಿದ್ದಾರೆ.”

ಒಗ್ಗರಣೆಯ ಘಮಕ್ಕೆ ಮೇಷ್ಟ್ರ ಬಾಯಲ್ಲಿ ನೀರೂರಿತು. ಕೈ ಚಾಚಿಯೂ ಆಗಿತ್ತು.

ಒಳಕೋಣೆಯಿಂದ ಅಮ್ಮನ ದನಿ ಬಂತು: “ತಿನ್ನಲಿ ಬಿಡಮ್ಮ. ಪಾಪ, ಅವನ ಪಾಠವಾದರೂ ನಿಜವಾಗಲಿ.”

ಮೇಷ್ಟ್ರು ತಟ್ಟೆಯನ್ನು ಹಿಂದಕ್ಕೆ ತಳ್ಳಿದರು.

“ಬೇಡ ಅಂದರೆ ಬೇಡ. ತಗೊಂಡು ಹೋಗೇ!”