ಅಮ್ಮನಿಗೆಂದು ತಂದ ಹಾಡುಗಳು

ಶಶಿಪ್ರಭಾ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದಳು. ಕ್ಯಾಸೆಟ್ ತಿರುಗಿತು, ಹಾಡು ಬರಲಿಲ್ಲ. ಸದ್ದು ಹೆಚ್ಚಿಸಿದಳು. ಸುಯ್ಯೆನ್ನುವ ಗಾಳಿ, ಎಲ್ಲೋ ಒಂದು ಕಾಗೆ, ದೂರದಲ್ಲಿ ಸಿಟಿ ಬಸ್ಸಿನ ಹಾರನ್. ಕ್ಯಾಸೆಟ್ಟನ್ನು ಮಗುಚಿ ಹಾಕಿದಳು. ಆ ಕಡೆಯೂ ಅಷ್ಟೆ. ಹಾಡು ಕೇಳಲೆಂದೇ ಮಧ್ಯಾಹ್ನದ ಅಡುಗೆ ಬೇಗ ಮುಗಿಸಿ ಬಂದಿದ್ದ ಪಕ್ಕದ ಕ್ರೈಸ್ತರ ಮನೆಯ ಅಮ್ಮಣಿ, "ಎಂತಾಯ್ತು ಮಾರಾಯ್ತಿ?" ಎಂದು ಕುರ್ಚಿಯ ತುದಿಗೆ ಜರುಗಿದಳು. ಅಕ್ಕ ಕುಶಲಾ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಂಚದ ಮೇಲೆ ಅಕ್ಕತಂಗಿಯರ ಅಮ್ಮ ಗುಲಾಬಿಯವರು ಸೂರು ನೋಡುತ್ತ ಮಲಗಿದ್ದರು.

ದೀಪಾವಳಿಯ ಮರುದಿನ ಬಚ್ಚಲಿನಲ್ಲಿ ಬಿದ್ದ ಅಮ್ಮನಿಗೆ ಬಲಭಾಗ ಸ್ವಾಧೀನ ತಪ್ಪಿತ್ತು, ಮಾತು ನಿಂತಿತ್ತು. ಉಳಿದದ್ದು ದಿನವಿಡೀ ಒಂದು ನರಳಾಟ. ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಗಂಜಿ ಕುಡಿಸುವುದು ಎಲ್ಲವೂ ಕುಶಲಾಳ ಪಾಲು. ಆಕಾಶವಾಣಿಯಲ್ಲಿ ಹಾಡುತ್ತಿದ್ದ ಶಶಿಪ್ರಭಾ ಭಾನುವಾರ ಸುರತ್ಕಲ್‌ನಿಂದ ಬಂದು, ಅಮ್ಮನ ಹಣೆ ಸವರಿ, ಸಂಜೆಯ ಬಸ್ಸಿಗೆ ಹೊರಡುವವಳು. ಅವಳು ಹಾಡಿದ ಕ್ಯಾಸೆಟ್ ಸಿದ್ಧವಾದಾಗ, ಅಂಗಡಿಗೆ ಹೋಗುವ ಮೊದಲೇ ಸ್ಟುಡಿಯೋದಿಂದ ಒಂದು ಪ್ರತಿ ಮಾಡಿಸಿ ಅಮ್ಮನಿಗೆಂದು ತಂದುಕೊಟ್ಟಿದ್ದಳು. ಮನೆ, ತಾಯಿ, ನೋವು ಮಾಯುವುದು, ಮನಸ್ಸಿಗೆ ನೆಮ್ಮದಿ ಸಿಗುವುದು ಎಲ್ಲ ಇದ್ದ ಹಾಡುಗಳು. ಅದನ್ನು ಹಾಕಿದ ಮೊದಲ ದಿನವೇ ನರಳುತ್ತಿದ್ದ ಅಮ್ಮ ಕಣ್ಣು ಮುಚ್ಚಿ ಸುಮ್ಮನಾದರು.

"ಶಶಿಯ ಸ್ವರದಲ್ಲಿ ಮದ್ದು ಉಂಟು," ಎಂದಿದ್ದಳು ಅಮ್ಮಣಿ. ಅದೇ ಮಾತು ಓಣಿಯೆಲ್ಲ ಹಬ್ಬಿತು. ನೋಡಲು ಬಂದವರೆಲ್ಲ ಅಮ್ಮನನ್ನು ಬಿಟ್ಟು ಕ್ಯಾಸೆಟ್ಟನ್ನು ವಿಚಾರಿಸತೊಡಗಿದರು. ಡಾಕ್ಟರರೂ, "ದಿನಾ ಹಾಕಿ, ಒಳ್ಳೆಯದು," ಎಂದರು. ಕುಶಲಾಳ ಹೊಟ್ಟೆಯಲ್ಲಿ ಕೆಂಡ ಬಿದ್ದದ್ದು ಆಗಲೇ. ತಾನು ಮಾಡುವುದು ಚಾಕರಿ, ಅವಳು ಮಾಡುವುದು ಚಿಕಿತ್ಸೆ! ತಾಯಿಯ ಮಡಿಲನ್ನು ಹಾಡಿ ಹೊಗಳುತ್ತಾಳಲ್ಲ, ಆ ಮಡಿಲಿನ ಬಟ್ಟೆ ಒಗೆಯುವವರು ಯಾರು? ಅಷ್ಟಕ್ಕೂ ಸಂಗೀತದ ಮೇಷ್ಟ್ರು ಈ ಮನೆಯ ಮೆಟ್ಟಿಲು ಹತ್ತಿದ್ದು ಮೊದಲು ಕುಶಲಾಳಿಗಾಗಿ. ತಂಗಿ ಪಕ್ಕದಲ್ಲಿ ಕೂತು ಕೇಳಿ ಕಲಿತವಳು. ಕ್ಯಾಸೆಟ್ ಶುರುವಾದ ಕೂಡಲೇ ಕುಶಲಾ ಎದ್ದು ಬಾವಿಕಟ್ಟೆಗೆ ಹೋಗಿಬಿಡುತ್ತಿದ್ದಳು. ಅಲ್ಲಿಗೂ ಕೇಳಿಸಿದರೆ ಕೊಡಪಾನ ತಿಕ್ಕುವ ಸದ್ದು ಜೋರು ಮಾಡುತ್ತಿದ್ದಳು.

ಗುರುವಾರ ಅಮ್ಮನ ಮಾತ್ರೆ ತರಲು ಹಂಪನಕಟ್ಟೆಗೆ ಹೋದಾಗ, ಕ್ಯಾಸೆಟ್ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದ ಜನ ತಲೆದೂಗುತ್ತಿದ್ದರು. ಒಳಗಿನಿಂದ ಬರುತ್ತಿದ್ದದ್ದು ಶಶಿಯ ಸ್ವರ. ಕುಶಲಾ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಮ್ಮನ ಕೋಣೆಗೆ ಹೋಗಿ ರೆಕಾರ್ಡಿನ ಕೆಂಪು ಗುಂಡಿ ಒತ್ತಿದಳು. ಹಾಡೆಲ್ಲ ಅಳಿಸಿ ಅದರ ಮೇಲೆ ಕೋಣೆಯ ಬರಿಯ ಸದ್ದು ತುಂಬುವವರೆಗೆ ಮಂಚದ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಳು. ಒಂದು ಮಗ್ಗುಲು ಮುಗಿದಾಗ ಮನಸ್ಸು ಬದಲಿಸಬಹುದಿತ್ತು. ಬದಲಿಸಲಿಲ್ಲ. ಮಗುಚಿ ಹಾಕಿ ಮತ್ತೆ ಒತ್ತಿದಳು. ಅಮ್ಮ ಅಷ್ಟು ಹೊತ್ತೂ ನರಳದೆ ಅವಳನ್ನೇ ನೋಡುತ್ತಿದ್ದರು.

ಈಗ ಶಶಿಪ್ರಭಾ ಟೇಪ್‌ರೆಕಾರ್ಡರ್ ನಿಲ್ಲಿಸಿ ಅಕ್ಕನ ಕಡೆ ತಿರುಗಿದಳು. "ಇದು ನಮ್ಮ ಬಿಕರ್ನಕಟ್ಟೆಯ ಬಸ್ಸಿನ ಸದ್ದು, ಅಕ್ಕ. ಯಾರೋ ಈ ಕೋಣೆಯಲ್ಲೇ ಅಳಿಸಿದ್ದು."

"ನನಗೆಂತ ಗೊತ್ತು?" ಎಂದಳು ಕುಶಲಾ.

"ಕೆಂಪು ಗುಂಡಿ ತನ್ನಷ್ಟಕ್ಕೆ ಒತ್ತಿಕೊಳ್ಳುವುದಿಲ್ಲ. ಹೇಳು, ಯಾರು ಮಾಡಿದ್ದು?"

"ನಾನು."

ಸ್ವರ ಮಂಚದಿಂದ ಬಂದಿತ್ತು. ಒಡಕು ಸ್ವರ, ಆದರೆ ಸ್ಪಷ್ಟ. ಅಮ್ಮ ಬಾಯಿ ಓರೆ ಮಾಡಿ, ಕುತ್ತಿಗೆಯ ನರ ಉಬ್ಬಿಸಿ ಇನ್ನೊಮ್ಮೆ ಹೇಳಿದರು. "ನಾನು... ಮಾಡಿದ್ದು."

ಅಮ್ಮಣಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಶಶಿಪ್ರಭಾ ಮಂಚಕ್ಕೆ ಒರಗಿ ಅಮ್ಮನ ಕೆನ್ನೆಗೆ ಕೆನ್ನೆ ಒತ್ತಿ ಅತ್ತಳು. ಮಗ್ಗುಲು ಬದಲಿಸಲಾಗದ ಹೆಂಗಸು ಟೇಪ್‌ರೆಕಾರ್ಡರ್ ಇದ್ದ ಗೋಡೆಬದಿಯ ಮೇಜಿನವರೆಗೆ ಹೋದದ್ದು ಹೇಗೆ ಎಂದು ಆ ಸಂಭ್ರಮದಲ್ಲಿ ಯಾರೂ ಕೇಳಲಿಲ್ಲ. "ನೋಡಿದೆಯಾ ಅಕ್ಕ! ನನ್ನ ಹಾಡು ಅಮ್ಮನಿಗೆ ಮಾತು ತಂದಿತು. ಇವತ್ತೇ ಪೇಟೆಯಿಂದ ಬೇರೆ ಕ್ಯಾಸೆಟ್ ತರ್ತೇನೆ," ಎಂದು ಶಶಿಪ್ರಭಾ ಚಪ್ಪಲಿ ಮೆಟ್ಟಿ ಓಡಿದಳು. ಅಮ್ಮಣಿ ಸುದ್ದಿ ಹೇಳಲು ಓಣಿಗೆ ಇಳಿದಳು.

ಕುಶಲಾ ತಟ್ಟೆ ಕೆಳಗಿಟ್ಟು ಅಮ್ಮನ ಹತ್ತಿರ ಬಂದಳು. ಈ ಮಾತಿನ ಪುಣ್ಯವೂ ತಂಗಿಯ ಖಾತೆಗೇ ಹೋಯಿತಲ್ಲ ಎಂಬ ಉರಿ, ಸಿಕ್ಕಿಬೀಳದೆ ಉಳಿದ ನಾಚಿಕೆ ಎರಡೂ ಅವಳನ್ನು ಒಟ್ಟಿಗೆ ಕಾಡುತ್ತಿದ್ದವು.

"ಯಾಕಮ್ಮ ಸುಳ್ಳು ಹೇಳಿದ್ದು? ನಿಮಗೆ ಆ ಹಾಡು ಇಷ್ಟ ಅಲ್ವಾ? ಅದು ಹಾಕಿದರೆ ನೀವು ಸುಮ್ಮನಾಗ್ತೀರಿ."

ಅಮ್ಮ ತುಂಬ ಹೊತ್ತು ತುಟಿ ಅಲ್ಲಾಡಿಸಿ, ಒಂದೊಂದೇ ಮಾತು ಹೊರತೆಗೆದರು.

"ಅದು ಹಾಕಿದರೆ... ನೀನು... ಎದ್ದು ಹೋಗ್ತಿ. ಮತ್ತೆ... ನರಳಿ... ಯಾರನ್ನು... ಕರೆಯುವುದು?"